ಶಾಸನವಿಲ್ಲದ ಸಂಸ್ಥೆ: ಭಾರತದ ವಿದೇಶ ಗುಪ್ತಚರ ವಿಭಾಗದ ಕಾನೂನು ನೆಲೆ

ಕನ್ನಡದಲ್ಲಿ ‘ಶಾಸನ’ ಎಂಬ ಪದವು ಎರಡು ಅರ್ಥಗಳಲ್ಲಿ ರೂಢವಾಗಿದೆ. ಕಲ್ಲಿನಲ್ಲೋ ತಾಮ್ರಪಟದಲ್ಲೋ ಕಂಡರಿಸಿದ ಬರಹ ಒಂದು. ಶಾಸಕಾಂಗವು ರಚಿಸಿದ ಕಾನೂನು ಮತ್ತೊಂದು. ದಾನಶಾಸನಗಳನ್ನು ಓದಿ ಬಲ್ಲವರಿಗೆ ಅವುಗಳ ಅಂಗಗಳು ಪರಿಚಿತವೇ ಆಗಿವೆ. ಕೊಟ್ಟವರು ಯಾರು, ಪಡೆದವರು ಯಾರು, ಯಾವ ಉದ್ದೇಶಕ್ಕೆ, ಭೂಮಿಯ ಎಲ್ಲೆಗಳು ಯಾವುವು, ಸಾಕ್ಷಿಗಳು ಯಾರು, ಮೀರಿದವರ ಗತಿಯೇನು ಎಂಬಿವೆಲ್ಲ ಊರ ಜನರ ಕಣ್ಣಿಗೆ ಬೀಳುವಂತೆ ಅಲ್ಲಿ ನಿಂತಿರುತ್ತವೆ. ಆಧುನಿಕ ಕಾಲದ ಒಂದು ಸಂಸ್ಥೆಯನ್ನು ಸ್ಥಾಪಿಸುವ ಅಧಿನಿಯಮವೂ ಹೆಚ್ಚುಕಡಿಮೆ ಇದೇ ಪ್ರಶ್ನೆಗಳಿಗೆ ಉತ್ತರ ಹೇಳುತ್ತದೆ. ಭಾರತದ ವಿದೇಶ ಗುಪ್ತಚರ ಸಂಸ್ಥೆಯಾದ ಸಂಶೋಧನೆ ಮತ್ತು ವಿಶ್ಲೇಷಣಾ ವಿಭಾಗಕ್ಕೆ, ಅಂದರೆ ಜನರ ಬಾಯಲ್ಲಿ ‘ರಾ’ ಎಂದು ಪ್ರಸಿದ್ಧವಾದುದಕ್ಕೆ, ಇಂಥ ಶಾಸನವಿಲ್ಲ. ಶಾಸನವಿಲ್ಲದಿದ್ದರೂ ಅದು ಅರ್ಧ ಶತಮಾನಕ್ಕೂ ಮಿಗಿಲಾಗಿ ಕೆಲಸ ಮಾಡುತ್ತ ಬಂದಿದೆ. ಹಾಗಾದರೆ ಅದು ಯಾವ ನೆಲದ ಮೇಲೆ ನಿಂತಿದೆ ಎಂಬುದನ್ನು ಪ್ರಸ್ತುತ ಲೇಖನದಲ್ಲಿ ವಿವರಿಸಲು ಯತ್ನಿಸುತ್ತೇವೆ. ಕಾನೂನು ನಮ್ಮ ವ್ಯಾಸಂಗದ ಕ್ಷೇತ್ರವಲ್ಲ. ಆದರೆ ಚದುರಿದ ಪಾಠಗಳನ್ನು ಒಂದೆಡೆ ಇಟ್ಟು ಓದುವುದು ಮಧ್ಯಕಾಲೀನ ಸಾಹಿತ್ಯದ ವಿದ್ಯಾರ್ಥಿಗಳಿಗೆ ಅಭ್ಯಾಸವಾದ ಕೆಲಸ. ಇಲ್ಲಿಯೂ ಬೇಕಾದುದು ಅದೇ.

ಮೊದಲು ಪರಂಪರೆಯ ಮಾತು. ಬೇಹು ನಮ್ಮ ರಾಜನೀತಿಗೆ ಹೊಸದಲ್ಲ, ಪದವೂ ಹೊಸದಲ್ಲ. ಕನ್ನಡದ ‘ಬೇಹು’, ತಮಿಳಿನ ‘ವೇವು’, ತೆಲುಗಿನ ‘ವೇಗು’ ಒಂದೇ ಬಳ್ಳಿಯ ಕುಡಿಗಳು. ಮೈಸೂರಿನ ಪ್ರಾಚ್ಯ ಗ್ರಂಥಾಲಯದಲ್ಲಿದ್ದ ಹಸ್ತಪ್ರತಿಯನ್ನು ಆಧರಿಸಿ ಆರ್. ಶಾಮಶಾಸ್ತ್ರಿಗಳು ೧೯೦೯ರಲ್ಲಿ ಪ್ರಕಟಿಸಿದ ಕೌಟಿಲ್ಯನ ಅರ್ಥಶಾಸ್ತ್ರದ ಮೊದಲ ಅಧಿಕರಣದಲ್ಲಿಯೇ ಗೂಢಪುರುಷರ ನೇಮಕದ ವಿಚಾರವಿದೆ. ಒಂದೆಡೆ ನೆಲೆನಿಂತು ಕೆಲಸ ಮಾಡುವವರು, ಸಂಚರಿಸುತ್ತ ಕೆಲಸ ಮಾಡುವವರು ಎಂದು ಅಲ್ಲಿ ವಿಭಾಗಿಸಿದೆ. ಒಬ್ಬರ ಗುರುತು ಇನ್ನೊಬ್ಬರಿಗೆ ತಿಳಿಯಕೂಡದು. ಮೂವರು ಬೇರೆ ಬೇರೆಯಾಗಿ ತಂದ ಸುದ್ದಿ ಒಂದೇ ಆದಾಗ ಮಾತ್ರ ಅದನ್ನು ನಂಬತಕ್ಕದ್ದು. ಪದೇಪದೇ ತಪ್ಪು ಸುದ್ದಿ ತರುವವನನ್ನು ಸದ್ದಿಲ್ಲದೆ ದಂಡಿಸತಕ್ಕದ್ದು. ವೇಮುಲವಾಡದ ಚಾಳುಕ್ಯರ ಕಾಲದ ಸೋಮದೇವಸೂರಿಯ ನೀತಿವಾಕ್ಯಾಮೃತದಲ್ಲಿ ದೂತರಿಗೆ ಒಂದು ಅಧ್ಯಾಯ, ಅದರ ಬೆನ್ನಿಗೇ ಚರರಿಗೆ ಇನ್ನೊಂದು ಅಧ್ಯಾಯ ಮೀಸಲಾಗಿದೆ. ಈ ಗ್ರಂಥಗಳಲ್ಲಿ ಚರನು ಉತ್ತರ ಹೇಳಬೇಕಾದುದು ರಾಜನಿಗೆ ಮಾತ್ರ, ಸದ್ದಿಲ್ಲದ ಆ ದಂಡನೆಗೆ ಸಾಕ್ಷಿಯೂ ಇಲ್ಲ ಎಂಬುದನ್ನು ಗಮನಿಸಬೇಕು. ಅರಸೊತ್ತಿಗೆಯಲ್ಲಿ ಇದರಿಂದ ವಿರೋಧವೇನೂ ಹುಟ್ಟುವುದಿಲ್ಲ. ರಾಜನ ಸ್ಥಾನದಲ್ಲಿ ಸಂವಿಧಾನ ಬಂದಾಗ ಮಾತ್ರ ಚರನು ಯಾರಿಗೆ ಉತ್ತರ ಹೇಳತಕ್ಕವನೆಂಬ ಪ್ರಶ್ನೆ ಏಳುತ್ತದೆ.

‘ರಾ’ ಸಂಸ್ಥೆಯು ೧೯೬೮ರ ಸೆಪ್ಟೆಂಬರಿನಲ್ಲಿ ಅಸ್ತಿತ್ವಕ್ಕೆ ಬಂದಿತು. ಅದಕ್ಕೆ ಮುಂಚೆ ದೇಶದೊಳಗಿನ ಮತ್ತು ಹೊರಗಿನ ಗುಪ್ತವಾರ್ತೆಯ ಕೆಲಸವೆರಡೂ ಗುಪ್ತಚರ ದಳದ, ಅಂದರೆ ಇಂಟೆಲಿಜೆನ್ಸ್ ಬ್ಯೂರೋದ, ಕೈಯಲ್ಲಿದ್ದವು. ೧೯೬೨ರ ಚೀನಾ ಯುದ್ಧವೂ ೧೯೬೫ರ ಪಾಕಿಸ್ತಾನ ಯುದ್ಧವೂ ಆ ಏರ್ಪಾಡಿನ ಕೊರತೆಗಳನ್ನು ತೋರಿಸಿಕೊಟ್ಟ ಮೇಲೆ ಹೊರದೇಶಗಳ ಕೆಲಸವನ್ನು ಬೇರ್ಪಡಿಸಿ, ಆರ್. ಎನ್. ಕಾವ್ ಅವರ ನೇತೃತ್ವದಲ್ಲಿ ಹೊಸ ವಿಭಾಗವನ್ನು ರಚಿಸಲಾಯಿತು. ರಚಿಸಿದ್ದು ಸಂಸತ್ತಲ್ಲ, ಸರಕಾರ. ‘ವಿಭಾಗ’ವೆಂಬ ಹೆಸರನ್ನೂ ಗಮನಿಸತಕ್ಕದ್ದು. ಅದು ಸ್ವತಂತ್ರ ಇಲಾಖೆಯಲ್ಲ, ನಿಗಮವಲ್ಲ, ಆಯೋಗವಲ್ಲ. ಸಚಿವ ಸಂಪುಟ ಸಚಿವಾಲಯದ ಒಂದು ರೆಕ್ಕೆ. ಮರದ ಕೊಂಬೆಗೆ ಬೇರೆ ಬೇರು ಇರಬೇಕಾಗಿಲ್ಲವೆಂಬಂತೆ, ಸಚಿವಾಲಯದ ಅಂಗಕ್ಕೆ ಬೇರೆ ಅಧಿನಿಯಮ ಬೇಡವೆಂಬ ವಾದಕ್ಕೆ ಈ ಹೆಸರು ಅನುಕೂಲವಾಗಿದೆ.

ಈ ವಾದವನ್ನು ಲಘುವಾಗಿ ತಳ್ಳಿಹಾಕುವಂತಿಲ್ಲ. ಅದಕ್ಕೆ ಸಂವಿಧಾನದ ಆಸರೆಯಿದೆ. ಎಪ್ಪತ್ತಮೂರನೆಯ ಅನುಚ್ಛೇದದ ಪ್ರಕಾರ, ಸಂಸತ್ತು ಯಾವ ವಿಷಯಗಳ ಮೇಲೆ ಕಾನೂನು ಮಾಡಬಲ್ಲದೋ ಆ ವಿಷಯಗಳಿಗೆಲ್ಲ ಕೇಂದ್ರದ ಕಾರ್ಯಾಂಗಾಧಿಕಾರ ವ್ಯಾಪಿಸುತ್ತದೆ. ಕಾನೂನು ಮಾಡಿದ ಮೇಲೆಯೇ ಕಾರ್ಯಾಂಗವು ಹೆಜ್ಜೆಯಿಡಬೇಕೆಂದೇನೂ ಇಲ್ಲವೆಂದು ಸರ್ವೋಚ್ಚ ನ್ಯಾಯಾಲಯವು ೧೯೫೫ರಲ್ಲಿ ರಾಮ್ ಜವಾಯಾ ಕಪೂರ್ ಮೊಕದ್ದಮೆಯಲ್ಲಿ ಹೇಳಿತು. ಆ ಮೊಕದ್ದಮೆ ಬೇಹುಗಾರಿಕೆಯದಲ್ಲ. ಪಂಜಾಬ ಸರಕಾರವು ಪಠ್ಯಪುಸ್ತಕಗಳನ್ನು ತಾನೇ ಅಚ್ಚುಮಾಡಿಸಲು ಹೊರಟಾಗ ಪ್ರಕಾಶಕರು ಹೂಡಿದ್ದು. ಶಾಲಾಪುಸ್ತಕದ ತಕರಾರೊಂದು ರಾಷ್ಟ್ರದ ಗೂಢಚರ್ಯೆಗೆ ಆಧಾರಕಂಬವಾಗಿರುವುದು ನಮಗೆ ಕುತೂಹಲದ ಸಂಗತಿಯಾಗಿ ತೋರಿದೆ. ಆದರೆ ಅದೇ ತೀರ್ಪಿನಲ್ಲಿ ಒಂದು ಎಲ್ಲೆಯೂ ಇದೆ: ಕಾರ್ಯಾಂಗದ ಕ್ರಿಯೆಯು ಪ್ರಜೆಯ ಹಕ್ಕನ್ನು ಅತಿಕ್ರಮಿಸುವಲ್ಲಿ ಕಾನೂನಿನ ಬೆಂಬಲ ಬೇಕು. ೧೯೬೨ರ ಖರಕ್ ಸಿಂಗ್ ಮೊಕದ್ದಮೆಯಲ್ಲಿ ಈ ಎಲ್ಲೆ ಸ್ಪಷ್ಟವಾಯಿತು. ಶಂಕಿತನ ಮನೆಗೆ ಪೋಲೀಸರು ರಾತ್ರಿ ಹೊತ್ತು ಭೇಟಿ ಕೊಡಬಹುದೆಂಬ ಉತ್ತರ ಪ್ರದೇಶದ ನಿಯಮವು ಕೇವಲ ಇಲಾಖೆಯ ಆದೇಶವಾಗಿತ್ತು, ಕಾನೂನಾಗಿರಲಿಲ್ಲ. ಆ ಕಾರಣದಿಂದ ಅದು ಬಿದ್ದುಹೋಯಿತು.

ಸಂಸತ್ತಿಗೆ ಈ ವಿಷಯದಲ್ಲಿ ಕಾನೂನು ಮಾಡುವ ಅಧಿಕಾರ ಎಲ್ಲಿಂದ ಬಂದಿತು? ಏಳನೆಯ ಅನುಸೂಚಿಯ ಕೇಂದ್ರ ಪಟ್ಟಿಯ ಎಂಟನೆಯ ನಮೂದು ಗುಪ್ತವಾರ್ತೆ ಮತ್ತು ತನಿಖೆಯ ಕೇಂದ್ರ ಬ್ಯೂರೋವನ್ನು ಹೆಸರಿಸುತ್ತದೆ. ಈ ನಮೂದಿಗೊಂದು ಪೂರ್ವಪಾಠವಿದೆ. ೧೯೩೫ರ ಭಾರತ ಸರಕಾರದ ಅಧಿನಿಯಮದ ಫೆಡರಲ್ ಪಟ್ಟಿಯ ಮೊದಲ ನಮೂದಿನಲ್ಲಿ ಸೇನೆಗಳ ಜೊತೆಯಲ್ಲಿಯೇ ಕೇಂದ್ರ ಗುಪ್ತಚರ ಬ್ಯೂರೋ ಕಾಣಿಸಿಕೊಂಡಿದೆ. ಸಂವಿಧಾನದಲ್ಲಿ ಅದು ಸೇನೆಗಳಿಂದ ಬೇರ್ಪಟ್ಟು ‘ತನಿಖೆ’ ಎಂಬ ಹೆಚ್ಚಿನ ಪದವನ್ನು ಪಡೆಯಿತು. ಸಂವಿಧಾನ ಸಭೆಯಲ್ಲಿ ೧೯೪೯ರ ಆಗಸ್ಟಿನಲ್ಲಿ ನಜೀರುದ್ದೀನ್ ಅಹಮದ್ ಅವರು ಈ ಸೇರ್ಪಡೆಗೆ ಆಕ್ಷೇಪವೆತ್ತಿದರು. ಇಲ್ಲಿ ತನಿಖೆಯೆಂದರೆ ಪೋಲೀಸ್ ಅಧಿಕಾರಿ ಅಪರಾಧದ ಬಗ್ಗೆ ನಡೆಸುವ ತನಿಖೆಯಲ್ಲ, ಏನು ನಡೆಯುತ್ತಿದೆಯೆಂದು ತಿಳಿದುಕೊಳ್ಳುವ ವಿಚಾರಣೆ ಮಾತ್ರವೆಂಬ ಅರ್ಥದಲ್ಲಿ ಡಾ. ಅಂಬೇಡ್ಕರ್ ಸಮಾಧಾನ ಹೇಳಿದರು. ಪಾಠಕ್ಕೆ ಕರ್ತೃವೇ ಟೀಕೆ ಬರೆದಂತಿರುವ ಈ ಮಾತಿಗೆ ಮುಂದೆ ಬಹಳ ಬೆಲೆ ಬಂದಿತು.

ಇಲ್ಲಿ ಒಂದು ಭ್ರಾಂತಿಯನ್ನು ನಿವಾರಿಸಬೇಕು. ಅನುಸೂಚಿಯ ನಮೂದು ಸಂಸ್ಥೆಯನ್ನು ಸೃಷ್ಟಿಸುವುದಿಲ್ಲ. ಆ ವಿಷಯದಲ್ಲಿ ಕಾನೂನು ಮಾಡುವ ಅಧಿಕಾರವು ರಾಜ್ಯಗಳದಲ್ಲ, ಸಂಸತ್ತಿನದು ಎಂದು ಹೇಳುತ್ತದೆ, ಅಷ್ಟೆ. ಹೊಲದ ಪಹಣಿಯಲ್ಲಿ ಒಬ್ಬನ ಹೆಸರಿದ್ದ ಮಾತ್ರಕ್ಕೆ ಆ ಹೊಲದಲ್ಲಿ ಬೆಳೆ ನಿಂತಿದೆಯೆಂದು ಹೇಳಲಾಗುವುದಿಲ್ಲ. ಗುಪ್ತಚರ ದಳದ ನಿವೃತ್ತ ಅಧಿಕಾರಿಯೊಬ್ಬರು ಕರ್ನಾಟಕ ಉಚ್ಚ ನ್ಯಾಯಾಲಯದ ಮುಂದೆ ತಮ್ಮದೇ ದಳದ ಕಾನೂನು ಆಧಾರವನ್ನು ಪ್ರಶ್ನಿಸಿದಾಗ, ಸರಕಾರದ ಕಡೆಯಿಂದ ಬಂದ ಉತ್ತರವು ಏಳನೆಯ ಅನುಸೂಚಿಯ ಕಡೆಗೇ ಬೆರಳು ಮಾಡಿತೆಂಬುದು ಗಮನಾರ್ಹ. ಅಧಿಕಾರವಿದೆಯೆಂಬುದೂ ಅದನ್ನು ಚಲಾಯಿಸಿದೆಯೆಂಬುದೂ ಬೇರೆ ಬೇರೆ ಸಂಗತಿಗಳು. ೨೦೦೮ರಲ್ಲಿ ರಾಷ್ಟ್ರೀಯ ತನಿಖಾ ಸಂಸ್ಥೆಯನ್ನು ಸ್ಥಾಪಿಸಿದಾಗ ಸಂಸತ್ತು ಅದಕ್ಕೆ ಪ್ರತ್ಯೇಕ ಅಧಿನಿಯಮವನ್ನೇ ರಚಿಸಿತು. ವಿದೇಶ ಗುಪ್ತಚರ ವಿಭಾಗಕ್ಕೆ ಹಾಗೆ ಮಾಡಲಿಲ್ಲ.

ಹಾಗೆಂದು ದೇಶದ ಕಾನೂನು ಪುಸ್ತಕಗಳಲ್ಲಿ ‘ರಾ’ದ ಹೆಸರೇ ಇಲ್ಲವೆಂದಲ್ಲ. ಇದೆ, ಎಲ್ಲಿದೆ ಎಂಬುದೇ ವಿಚಾರಾರ್ಹ. ಸಂವಿಧಾನದ ಮೂವತ್ತಮೂರನೆಯ ಅನುಚ್ಛೇದವು ಸೈನಿಕರ ಮತ್ತು ಸಾರ್ವಜನಿಕ ಸುವ್ಯವಸ್ಥೆ ಕಾಯುವ ಪಡೆಗಳವರ ಮೂಲಭೂತ ಹಕ್ಕುಗಳನ್ನು ಮಿತಗೊಳಿಸಲು ಸಂಸತ್ತಿಗೆ ಅನುವು ಮಾಡಿಕೊಡುತ್ತದೆ. ೧೯೮೪ರ ಐವತ್ತನೆಯ ತಿದ್ದುಪಡಿಯು ಆ ಸಾಲಿಗೆ ಗುಪ್ತವಾರ್ತಾ ಸಂಸ್ಥೆಗಳ ನೌಕರರನ್ನೂ ಸೇರಿಸಿತು. ಅದರ ಬೆನ್ನಲ್ಲೇ ೧೯೮೫ರಲ್ಲಿ ಗುಪ್ತವಾರ್ತಾ ಸಂಸ್ಥೆಗಳ (ಹಕ್ಕುಗಳ ನಿರ್ಬಂಧ) ಅಧಿನಿಯಮ ಬಂದಿತು. ಅದರ ಅನುಸೂಚಿಯಲ್ಲಿ ‘ರಾ’ದ ಹೆಸರಿದೆ. ಅದರಂತೆ ನೌಕರರು ಕಾರ್ಮಿಕ ಸಂಘಗಳನ್ನೋ ರಾಜಕೀಯ ಸಂಘಗಳನ್ನೋ ಸೇರುವಂತಿಲ್ಲ. ಮುಖ್ಯಸ್ಥರ ಅನುಮತಿಯಿಲ್ಲದೆ ಪತ್ರಿಕೆಗಳೊಡನೆ ವ್ಯವಹರಿಸುವಂತಿಲ್ಲ, ಪುಸ್ತಕ ಪ್ರಕಟಿಸುವಂತಿಲ್ಲ. ಸಂಸ್ಥೆಯ ರಚನೆಯ ಬಗ್ಗೆ ಹೊರಗಿನವರೊಡನೆ ಮಾತನಾಡುವಂತಿಲ್ಲ. ನಿವೃತ್ತರಿಗೂ ಪಿಂಚಣಿ ನಿಯಮಗಳ ಮೂಲಕ ಇಂಥ ನಿರ್ಬಂಧಗಳಿವೆ. ೨೦೨೧ರ ಮೇ ತಿಂಗಳ ತಿದ್ದುಪಡಿ ಅವನ್ನು ಬಿಗಿಗೊಳಿಸಿತು.

ಇನ್ನೊಂದು ಉಲ್ಲೇಖ ೨೦೦೫ರ ಮಾಹಿತಿ ಹಕ್ಕು ಅಧಿನಿಯಮದ ಎರಡನೆಯ ಅನುಸೂಚಿಯಲ್ಲಿದೆ. ಇಪ್ಪತ್ತನಾಲ್ಕನೆಯ ಪ್ರಕರಣದಂತೆ ಆ ಅನುಸೂಚಿಯ ಸಂಸ್ಥೆಗಳಿಗೆ ಅಧಿನಿಯಮವು ಅನ್ವಯಿಸುವುದಿಲ್ಲ. ಭ್ರಷ್ಟಾಚಾರದ ಮತ್ತು ಮಾನವ ಹಕ್ಕುಗಳ ಉಲ್ಲಂಘನೆಯ ಆಪಾದನೆಗಳಿಗೆ ಸಂಬಂಧಿಸಿದ ಮಾಹಿತಿ ಮಾತ್ರ ಇದಕ್ಕೆ ಅಪವಾದ. ಮೂರನೆಯದು ೨೦೧೮ರ ಡಿಸೆಂಬರ್ ೨೦ರಂದು ಗೃಹ ಮಂತ್ರಾಲಯವು ಮಾಹಿತಿ ತಂತ್ರಜ್ಞಾನ ಅಧಿನಿಯಮದ ಅರವತ್ತೊಂಬತ್ತನೆಯ ಪ್ರಕರಣದಡಿ ಹೊರಡಿಸಿದ ಆದೇಶ. ಯಾವುದೇ ಕಂಪ್ಯೂಟರಿನ ಮಾಹಿತಿಯನ್ನು ತಡೆದು ನೋಡುವ, ಗೂಢಲಿಪಿಯನ್ನು ಬಿಡಿಸುವ ಅಧಿಕಾರವನ್ನು ಪಡೆದ ಹತ್ತು ಸಂಸ್ಥೆಗಳಲ್ಲಿ ಸಚಿವ ಸಂಪುಟ ಸಚಿವಾಲಯದ ಈ ವಿಭಾಗವೂ ಒಂದು.

ಈ ಮೂರು ಪಾಠಗಳನ್ನು ಜೊತೆಗಿಟ್ಟು ಓದಿದಾಗ ನಮಗೆ ಕಾಣುವುದು ಇದು: ಮೊದಲನೆಯದು ನೌಕರರ ಹಕ್ಕನ್ನು ಕುಂದಿಸುತ್ತದೆ, ಎರಡನೆಯದು ಪ್ರಜೆಗಳ ಹಕ್ಕಿಗೆ ಬಾಗಿಲು ಮುಚ್ಚುತ್ತದೆ, ಮೂರನೆಯದು ಪ್ರಜೆಗಳ ಮಾಹಿತಿಯ ಬಾಗಿಲನ್ನು ಸಂಸ್ಥೆಗೆ ತೆರೆಯುತ್ತದೆ. ಸಂಸ್ಥೆ ಇದೆಯೆಂಬುದನ್ನು ಮೂರೂ ಕಡೆ ಸಿದ್ಧವೆಂದೇ ಭಾವಿಸಲಾಗಿದೆ. ಅದು ಏನು ಮಾಡತಕ್ಕದ್ದು, ಏನು ಮಾಡತಕ್ಕದ್ದಲ್ಲ, ಯಾರಿಗೆ ಉತ್ತರ ಹೇಳತಕ್ಕದ್ದು ಎಂಬುದನ್ನು ಮೂರರಲ್ಲಿ ಒಂದೂ ಹೇಳುವುದಿಲ್ಲ. ದಾನಶಾಸನ ಸಿಕ್ಕದ ಅಗ್ರಹಾರವೊಂದು ನೆರೆಯೂರಿನ ಶಾಸನಗಳಲ್ಲಿ ಎಲ್ಲೆಯ ಗುರುತಾಗಿ ಮಾತ್ರ ಕಾಣಿಸಿಕೊಳ್ಳುವುದುಂಟು, ಇದೂ ಹಾಗೆಯೇ.

ನೌಕರಿಯ ನಿಯಮಗಳು ಮಾತ್ರ ಇವೆ. ಸಂವಿಧಾನದ ೩೦೯ನೆಯ ಅನುಚ್ಛೇದದಡಿ ರೂಪುಗೊಂಡ ೧೯೭೫ರ ನೇಮಕಾತಿ, ಶ್ರೇಣಿ ಮತ್ತು ಸೇವಾ ನಿಯಮಗಳು ಅವು. ಗುಪ್ತಚರ ಅಧಿಕಾರಿಯೆಂದು ಬಯಲಾದವರನ್ನು ಕಡ್ಡಾಯವಾಗಿ ನಿವೃತ್ತಿಗೊಳಿಸಲು ಅವಕಾಶ ಕೊಡುವ ೧೩೫ನೆಯ ನಿಯಮವನ್ನು ಮಹಿಳಾ ಅಧಿಕಾರಿಯೊಬ್ಬರು ಪ್ರಶ್ನಿಸಿದಾಗ, ಸರ್ವೋಚ್ಚ ನ್ಯಾಯಾಲಯವು ೨೦೨೦ರ ಏಪ್ರಿಲಿನಲ್ಲಿ ಆ ನಿಯಮವನ್ನು ಎತ್ತಿಹಿಡಿಯಿತು. ಆದರೆ ಲೈಂಗಿಕ ಕಿರುಕುಳದ ಬಗ್ಗೆ ಅವರು ಸಲ್ಲಿಸಿದ ದೂರನ್ನು ನಿರ್ವಹಿಸಿದ ಬಗೆಯಲ್ಲಿ ಅವರ ಹಕ್ಕುಗಳಿಗೆ ಭಂಗ ಬಂದುದನ್ನು ಗುರುತಿಸಿ ಪರಿಹಾರ ಕೊಡಿಸಿತು. ಸಂಸ್ಥೆಯ ಒಳಗಿರುವವರೂ ಪ್ರಜೆಗಳೇ ಎಂಬುದನ್ನು ಈ ಮೊಕದ್ದಮೆ ನೆನಪಿಗೆ ತರುತ್ತದೆ. ಅಕ್ರಮವೆಂದು ತೋರುವ ಆದೇಶವೊಂದು ಬಂದಾಗ ಅಧಿಕಾರಿಯು ತೆರೆದು ನೋಡಬಹುದಾದ ಅಧಿನಿಯಮದ ಪುಟ ಇಲ್ಲದಿರುವುದು ಮೊದಲು ಅವರಿಗೇ ತೊಡಕು.

ಕಾರ್ಯಾಂಗದ ನಿರ್ಣಯವೊಂದೇ ಆಧಾರವಾದ ಸಂಸ್ಥೆ ಎಷ್ಟು ಗಟ್ಟಿ ಎಂಬುದನ್ನು ೨೦೧೩ರ ನವೆಂಬರ್ ತಿಂಗಳು ತೋರಿಸಿತು. ಕೇಂದ್ರ ತನಿಖಾ ದಳವನ್ನು ಸ್ಥಾಪಿಸಿದ ೧೯೬೩ರ ಏಪ್ರಿಲ್ ೧ರ ಸರಕಾರಿ ನಿರ್ಣಯವು ಕಾನೂನಲ್ಲವೆಂದೂ, ಆ ದಳವನ್ನು ಪೋಲೀಸ್ ಪಡೆಯೆಂದು ಪರಿಗಣಿಸಲಾಗದೆಂದೂ ಗುವಾಹಟಿ ಉಚ್ಚ ನ್ಯಾಯಾಲಯವು ನವೆಂಬರ್ ೬ರಂದು ಹೇಳಿತು. ಹಾಗೆ ಹೇಳುವಾಗ ಅದು ಡಾ. ಅಂಬೇಡ್ಕರ್ ಅವರ ಆ ವಿವರಣೆಯನ್ನೇ ಆಶ್ರಯಿಸಿತು. ಮೂರು ದಿನಗಳ ಬಳಿಕ ಸರ್ವೋಚ್ಚ ನ್ಯಾಯಾಲಯ ತಡೆಯಾಜ್ಞೆ ಕೊಟ್ಟಿತು. ಬಂಧನ, ಶೋಧ, ಜಪ್ತಿಗಳ ಅಧಿಕಾರ ಚಲಾಯಿಸುವ ತನಿಖಾ ದಳಕ್ಕೂ ಅಂಥ ಅಧಿಕಾರಗಳಿಲ್ಲದ ವಿದೇಶ ಗುಪ್ತಚರ ವಿಭಾಗಕ್ಕೂ ವ್ಯತ್ಯಾಸವಿದೆ, ಒಪ್ಪತಕ್ಕದ್ದೇ. ಆದರೆ ನೆಲದ ಗುಣ ಒಂದೇ.

೧೯೯೬ರಲ್ಲಿ ದೂರವಾಣಿ ಕದ್ದಾಲಿಕೆಯ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು ಕಾರ್ಯವಿಧಾನದ ರಕ್ಷಣೆಗಳನ್ನು ತಾನೇ ರೂಪಿಸಿಕೊಟ್ಟಿತ್ತು. ೨೦೧೭ರ ಆಗಸ್ಟ್ ೨೪ರಂದು ಪುಟ್ಟಸ್ವಾಮಿ ಮೊಕದ್ದಮೆಯಲ್ಲಿ ಒಂಬತ್ತು ನ್ಯಾಯಮೂರ್ತಿಗಳ ಪೀಠವು ಖಾಸಗಿತನವನ್ನು ಮೂಲಭೂತ ಹಕ್ಕೆಂದು ಸಾರಿತು. ಅರ್ಜಿದಾರರು ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿಗಳು. ಖಾಸಗಿತನಕ್ಕೆ ಕೈಹಾಕುವ ಯಾವ ಕ್ರಿಯೆಗಾದರೂ ಮೊದಲು ಒಂದು ಕಾನೂನು ಇರಬೇಕು, ಅದರ ಗುರಿ ನ್ಯಾಯಸಮ್ಮತವಾಗಿರಬೇಕು, ಕೈಹಾಕಿದ ಪ್ರಮಾಣ ಗುರಿಗೆ ತಕ್ಕಷ್ಟೇ ಇರಬೇಕು. ಕದ್ದಾಲಿಕೆಗೆ ಕಾನೂನಿದೆ: ಹಿಂದೆ ೧೮೮೫ರ ತಂತಿ ಅಧಿನಿಯಮವಿತ್ತು, ಈಗ ೨೦೨೩ರ ದೂರಸಂಪರ್ಕ ಅಧಿನಿಯಮವಿದೆ. ಕದ್ದಾಲಿಸಲು ಅಧಿಕಾರ ಪಡೆದ ಸಂಸ್ಥೆಗೇ ಕಾನೂನಿಲ್ಲದಿದ್ದರೆ ಮೊದಲ ನಿಬಂಧನೆ ಪೂರೈಸಿದಂತಾಯಿತೇ? ಅಧಿಕಾರಕ್ಕೆ ಕಾನೂನಿದ್ದರೆ ಸಾಕೆಂದು ಸರಕಾರದ ಪರವಾಗಿ ವಾದಿಸಬಹುದು. ನಮ್ಮ ಅಭಿಪ್ರಾಯದಲ್ಲಿ ಅದು ಅರ್ಧ ಉತ್ತರ. ಸಂಸ್ಥೆಯ ಉದ್ದೇಶವನ್ನು ಕಾನೂನು ಎಲ್ಲಿಯೂ ಹೇಳದಿರುವಾಗ, ಒಂದು ನಿರ್ದಿಷ್ಟ ಕ್ರಿಯೆ ಆ ಉದ್ದೇಶಕ್ಕೆ ತಕ್ಕ ಪ್ರಮಾಣದಲ್ಲಿದೆಯೇ ಎಂದು ಅಳೆಯಲು ಕೋಲೇ ಇರುವುದಿಲ್ಲ. ರಾಷ್ಟ್ರೀಯ ಭದ್ರತೆಯೆಂಬ ಮಾತನ್ನು ಉಚ್ಚರಿಸಿದ ಮಾತ್ರಕ್ಕೆ ನ್ಯಾಯಾಲಯ ಮೂಕಪ್ರೇಕ್ಷಕನಾಗದೆಂದು ೨೦೨೧ರ ಅಕ್ಟೋಬರಿನ ಪೆಗಾಸಸ್ ಆದೇಶ ತಿಳಿಸಿತು. ಆದರೂ ಗುಪ್ತಚರ ಸಂಸ್ಥೆಗಳನ್ನು ಸಂಸತ್ತಿನ ಮೇಲ್ವಿಚಾರಣೆಗೆ ಒಳಪಡಿಸಬೇಕೆಂಬ ಸಾರ್ವಜನಿಕ ಹಿತಾಸಕ್ತಿ ಅರ್ಜಿಯನ್ನು ೨೦೧೬ರಲ್ಲಿ ಅದೇ ನ್ಯಾಯಾಲಯ ವಜಾಮಾಡಿತ್ತು. ನ್ಯಾಯಾಲಯವು ಶಾಸನ ಬರೆಯಲಾರದು, ಬರೆಯಬೇಕಾದುದು ಸಂಸತ್ತು.

ವಿದೇಶ ಗುಪ್ತಚರ ಕೆಲಸಕ್ಕೆ ಕಾನೂನು ಎಂಬ ಮಾತೇ ವಿರೋಧಾಭಾಸವಲ್ಲವೇ ಎಂದು ಕೇಳುವವರಿದ್ದಾರೆ. ಪರದೇಶದಲ್ಲಿ ನಡೆಯುವ ಬೇಹು ಆ ದೇಶದ ಕಾನೂನಿಗೆ ವಿರುದ್ಧವೇ. ನಮ್ಮ ಸಂಸತ್ತು ಅದನ್ನು ಅಲ್ಲಿ ಸಕ್ರಮಗೊಳಿಸಲಾರದು. ಇದು ನಿಜ. ಆದರೆ ಪ್ರಶ್ನೆ ಅಲ್ಲಿಯದಲ್ಲ, ಇಲ್ಲಿಯದು. ಬ್ರಿಟನ್ನಿನ ಗುಪ್ತ ಸಂಸ್ಥೆ ೧೯೦೯ರಲ್ಲಿ ಹುಟ್ಟಿ ಎಂಬತ್ತೈದು ವರ್ಷ ಶಾಸನವಿಲ್ಲದೆ ನಡೆಯಿತು. ಅದು ಇದೆಯೆಂದು ಪ್ರಧಾನಿ ಸಂಸತ್ತಿನಲ್ಲಿ ಒಪ್ಪಿಕೊಂಡದ್ದೇ ೧೯೯೨ರಲ್ಲಿ. ೧೯೯೪ರ ಅಧಿನಿಯಮವು ಅದರ ಕೆಲಸವನ್ನು ದ್ವೀಪಗಳ ಹೊರಗಿನವರ ಕ್ರಿಯೆ ಮತ್ತು ಉದ್ದೇಶಗಳನ್ನು ತಿಳಿಯುವುದೆಂದು ನಿರೂಪಿಸಿ, ರಾಷ್ಟ್ರೀಯ ಭದ್ರತೆ, ಆರ್ಥಿಕ ಕ್ಷೇಮ, ಗಂಭೀರ ಅಪರಾಧಗಳ ತಡೆ ಎಂಬ ಮೂರು ಎಲ್ಲೆಕಲ್ಲುಗಳನ್ನು ನೆಟ್ಟಿತು. ಸಂಸತ್ಸದಸ್ಯರ ಸಮಿತಿಯೊಂದನ್ನೂ ಏರ್ಪಡಿಸಿತು. ಹೊರದೇಶದಲ್ಲಿ ಮಾಡುವ ಕೃತ್ಯಕ್ಕೆ ಸ್ವದೇಶದಲ್ಲಿ ಹೊಣೆಯಿಂದ ವಿನಾಯಿತಿ ಬೇಕಾದರೆ ಮಂತ್ರಿಯ ಸಹಿ ಬೇಕು. ಸಹಿ ಹಾಕಿದವರು ಯಾರೆಂಬುದು ಆಗ ಗೊತ್ತಿರುತ್ತದೆ. ಜರ್ಮನಿಯ ಸಂಸ್ಥೆ ೧೯೫೬ರಲ್ಲಿ ಆರಂಭವಾದರೂ ಅಧಿನಿಯಮ ಬಂದದ್ದು ೧೯೯೦ರಲ್ಲಿ. ೨೦೨೦ರ ಮೇ ೧೯ರಂದು ಅಲ್ಲಿಯ ಸಂವಿಧಾನ ನ್ಯಾಯಾಲಯವು, ಹೊರದೇಶದಲ್ಲಿರುವ ಪರಕೀಯರ ಸಂಭಾಷಣೆಯನ್ನು ಕೇಳುವಾಗಲೂ ಜರ್ಮನ್ ರಾಜ್ಯವು ಮೂಲಭೂತ ಹಕ್ಕುಗಳಿಗೆ ಬದ್ಧವೆಂದು ತೀರ್ಮಾನಿಸಿತು.

ಶಾಸನವಿದ್ದರೆ ಎಲ್ಲವೂ ಸರಿಹೋಗುತ್ತದೆಂದು ನಾವು ಹೇಳುತ್ತಿಲ್ಲ. ಅಮೆರಿಕದ ಸಿ.ಐ.ಎ.ಗೆ ೧೯೪೭ರಿಂದಲೇ ಅಧಿನಿಯಮವಿದೆ. ಅದರಲ್ಲಿ ರಾಷ್ಟ್ರೀಯ ಭದ್ರತಾ ಮಂಡಳಿ ಆಗಾಗ ಸೂಚಿಸುವ ಇತರ ಕೆಲಸಗಳು ಎಂಬರ್ಥದ ಸಡಿಲ ಮಾತೊಂದು ಕೊನೆಗೆ ಸೇರಿಕೊಂಡಿತು. ಆ ಒಂದು ಬಾಗಿಲಿನಿಂದ ಏನೇನು ಒಳಹೊಕ್ಕಿತೆಂಬುದನ್ನು ೧೯೭೫ರ ಚರ್ಚ್ ಸಮಿತಿ ಸಾವಿರಾರು ಪುಟಗಳಲ್ಲಿ ಬಿಚ್ಚಿಟ್ಟಿತು. ಆದರೆ ಅಲ್ಲಿ ಎಡವಿದ್ದು ಎಲ್ಲಿ ಎಂದು ತೋರಿಸಲು ಒಂದು ಪಂಕ್ತಿಯಾದರೂ ಇತ್ತು.

ನಮ್ಮಲ್ಲಿ ಪ್ರಯತ್ನ ನಡೆಯದೆ ಇಲ್ಲ. ೨೦೧೦ರ ಜನವರಿಯಲ್ಲಿ ಉಪರಾಷ್ಟ್ರಪತಿ ಹಮೀದ್ ಅನ್ಸಾರಿಯವರು, ‘ರಾ’ದ ಸ್ಥಾಪಕರ ಹೆಸರಿನ ಸ್ಮಾರಕ ಉಪನ್ಯಾಸದಲ್ಲಿಯೇ, ಗುಪ್ತಚರ ಸಂಸ್ಥೆಗಳು ಸಂಸತ್ತಿಗೆ ಉತ್ತರದಾಯಿಯಾಗುವ ಏರ್ಪಾಡು ಬೇಕೆಂದರು. ೨೦೧೧ರಲ್ಲಿ ಮನೀಶ್ ತಿವಾರಿಯವರು ಖಾಸಗಿ ಸದಸ್ಯರ ಮಸೂದೆಯನ್ನು ಮಂಡಿಸಿದರು. ಸಂಸ್ಥೆಗಳಿಗೆ ಶಾಸನದ ಆಧಾರ, ಮೇಲ್ವಿಚಾರಣಾ ಸಮಿತಿ, ದೂರುಗಳಿಗೆ ನ್ಯಾಯಮಂಡಳಿ ಇವಿಷ್ಟು ಅದರಲ್ಲಿದ್ದವು. ಅದು ಕಾನೂನಾಗಲಿಲ್ಲ.

ಈ ಬುಲೆಟಿನ್ನಿನ ಓದುಗರಿಗೆ ನೇರವಾಗಿ ತಟ್ಟುವ ಒಂದು ಪರಿಣಾಮವನ್ನು ಕೊನೆಯದಾಗಿ ಹೇಳಬೇಕಾಗಿದೆ. ಮಾಹಿತಿ ಹಕ್ಕು ಅಧಿನಿಯಮದ ಎಂಟನೆಯ ಪ್ರಕರಣದಲ್ಲಿ ಇಪ್ಪತ್ತು ವರ್ಷ ಹಳೆಯ ಸಂಗತಿಗಳ ಬಗೆಗಿನ ಮಾಹಿತಿಯನ್ನು, ಕೆಲವು ವಿನಾಯಿತಿಗಳನ್ನು ಬಿಟ್ಟು, ಕೊಡತಕ್ಕದ್ದೆಂಬ ಉಪಬಂಧವಿದೆ. ಆದರೆ ಇಪ್ಪತ್ತನಾಲ್ಕನೆಯ ಪ್ರಕರಣವು ಅಧಿನಿಯಮವನ್ನೇ ದೂರವಿಡುವುದರಿಂದ ಆ ಇಪ್ಪತ್ತು ವರ್ಷದ ಲೆಕ್ಕ ಈ ಸಂಸ್ಥೆಗೆ ತಾಗುವುದಿಲ್ಲ. ೧೯೯೩ರ ಸಾರ್ವಜನಿಕ ದಾಖಲೆಗಳ ಅಧಿನಿಯಮವು ಮೂವತ್ತು ವರ್ಷ ಮೀರಿದ ದಾಖಲೆಗಳನ್ನು ಸಂಶೋಧಕರಿಗೆ ತೆರೆಯುತ್ತದೆ. ಆದರೆ ಗೋಪ್ಯವೆಂಬ ಮುದ್ರೆಯಿಲ್ಲದವನ್ನು ಮಾತ್ರ. ಮುದ್ರೆಯನ್ನು ಯಾವಾಗ ತೆಗೆಯಬೇಕೆಂದು ಹೇಳುವ ಸಂಸ್ಥಾಪಕ ಶಾಸನವಿಲ್ಲ. ಹೀಗಾಗಿ ೧೯೭೧ರ ಬಾಂಗ್ಲಾದೇಶ ಯುದ್ಧದ ಮೇಲೆ ಕೆಲಸ ಮಾಡುವವರು ಸಂಸ್ಥೆಯ ಕಡತಗಳ ಬದಲು ಅದರೊಡನೆ ಪತ್ರವ್ಯವಹಾರವಿದ್ದವರ ಖಾಸಗಿ ಸಂಗ್ರಹಗಳನ್ನು ಹುಡುಕಬೇಕಾಗಿದೆ. ಇಂದಿರಾ ಗಾಂಧಿಯವರ ಕಾರ್ಯದರ್ಶಿಯಾಗಿದ್ದ ಪಿ. ಎನ್. ಹಕ್ಸರ್ ಅವರ ಪತ್ರಸಂಗ್ರಹ ದೆಹಲಿಯ ತೀನ್ ಮೂರ್ತಿ ಭವನದ ಗ್ರಂಥಾಲಯದಲ್ಲಿದೆ; ೨೦೨೩ರಿಂದ ಅದಕ್ಕೆ ಪ್ರಧಾನಮಂತ್ರಿಗಳ ಸಂಗ್ರಹಾಲಯ ಮತ್ತು ಗ್ರಂಥಾಲಯವೆಂದು ಹೆಸರು. ದೆಹಲಿಯಲ್ಲಿರುವ ನಮ್ಮ ಸಂಶೋಧನಾರ್ಥಿಗಳು ಅಲ್ಲಿಂದ ಆರಂಭಿಸಬಹುದು.